ಮಣಿಕಟ್ಟಿನ ಓಣಿ

ಐದನೆಯ ಮಹಡಿಗೆ ಬರಹೇಳಿದ್ದಾರೆಂದರೆ ಬೈಯುವುದಕ್ಕಲ್ಲದೆ ಮತ್ತೇತಕ್ಕೆ ಎಂದುಕೊಳ್ಳುತ್ತ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಕೆಳಗೆ ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗಿದ್ದ ಬಿಳಿ ಕೋಟಿನ ಹುಡುಗಿಯರು ಅವಳಿಗೆಂದು ಸರಿದು ಜಾಗವನ್ನೂ ಮಾಡಿದ್ದರು. ಅವಳು ಏನೋ ಮರೆತವಳ ಹಾಗೆ ತಿರುಗಿ ಮೆಟ್ಟಿಲ ಕಡೆ ನಡೆದುಬಿಟ್ಟಿದ್ದಳು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಷ್ಟು ವರ್ಷ ದುಡಿದರೂ ನೆಲದಂತಸ್ತಿನಿಂದ ಮೇಲಕ್ಕೆ ಅವಳು ಕಾಲಿಟ್ಟವಳಲ್ಲ. ಒಗೆದು ಇಸ್ತ್ರಿಯಾದ ಬಟ್ಟೆ ಗಾಡಿಯಲ್ಲಿ ಮೇಲೆ ಹೋಗುತ್ತಿತ್ತು, ಕೊಳೆಯಾಗಿ ಕೆಳಗೆ ಬರುತ್ತಿತ್ತು. ನಡುವೆ ಅದಕ್ಕೆ ಏನಾಯಿತೆಂಬುದನ್ನು ಕಲೆ ನೋಡಿ ಊಹಿಸಿಕೊಳ್ಳಬೇಕು, ಅಷ್ಟೆ. ಬಲಗೈಯನ್ನು ಎಡಗೈಯಿಂದ ಹಿಡಿದು ಏಪ್ರನ್ನಿನ ಜೇಬಿನಲ್ಲಿ ಅಡಗಿಸಿಟ್ಟುಕೊಂಡಿದ್ದಳು. ಈಚೆಗೆ ಅದೇ ಅಭ್ಯಾಸವಾಗಿತ್ತು, ಬೇರೆ ಯಾರದೋ ಸಾಮಾನನ್ನು ಹುಷಾರಾಗಿ ತಲುಪಿಸಲು ಒಪ್ಪಿಕೊಂಡವರ ಹಾಗೆ. ಮೂರನೆಯ ಮಹಡಿಯ ತಿರುವಿನಲ್ಲಿ ನಿಂತು ಉಸಿರು ಬಿಟ್ಟಳು. ಕಿಟಕಿಯಿಂದ ಕಾಣುವ ಬೀದಿ ಅವಳು ದಿನವೂ ನಡೆದು ಬರುವ ಬೀದಿಯೇ. ಆದರೆ ಮೇಲಿನಿಂದ ಅದು ಯಾರೋ ಒಗೆದು ಹಿಂಡಿ ಹಾಸಿದಷ್ಟು ಚೊಕ್ಕಟವಾಗಿ ಕಂಡಿತು. ಕೈ ಸರಿಯಾಗಿಯೇ ಇದೆ ಮೇಡಂ, ಬರೀ ಅಭ್ಯಾಸ, ಎಂದು ಹೇಳಬೇಕು. ಕೆಲಸದಿಂದ ತೆಗೆಯುತ್ತಾರೆ ಎಂಬ ಮಾತು ಬಂದರೆ ಇನ್ನೇನು ಹೇಳಬೇಕೆಂದು ಹೊಳೆಯಲಿಲ್ಲ.

ನಿನ್ನೆ ನಡೆದದ್ದು ಇಷ್ಟೆ. ಉರುಳೆ ಇಸ್ತ್ರಿಯಂತ್ರದ ಬಿಸಿಗೆ ಲಾಂಡ್ರಿಯ ಗಾಳಿಯೇ ದಪ್ಪವಾಗಿದ್ದ ಹೊತ್ತಿನಲ್ಲಿ ಕುಳ್ಳಗಿನ ಒಬ್ಬ ಡಾಕ್ಟರಮ್ಮ ತಾವೇ ಇಳಿದು ಬಂದಿದ್ದರು. ಒಗೆಯಲು ಹಾಕಿದ ಕೋಟಿನ ಜೇಬಿನಲ್ಲಿ ಕನ್ನಡಕ ಬಿಟ್ಟಿದ್ದರಂತೆ. ಡಾಕ್ಟರುಗಳು ಅಲ್ಲಿಗೆ ಬರುವುದೆಂದರೇನು? ಸೂಪರ್‌ವೈಸರ್ ಎದ್ದುಬಿದ್ದು ಕುರ್ಚಿ ತಂದ, ಅವರು ಕೂರಲಿಲ್ಲ. ಬಟ್ಟೆಯ ಗಂಟುಗಳನ್ನು ಬಿಚ್ಚಿ ಹುಡುಕಲು ನಿಂತವಳು ರೇಡಿಯೊ. ಬೆಳಿಗ್ಗೆ ಕೆಲಸ ಹಿಡಿದಾಗ ಬಾಯಿ ತೆರೆದರೆ ಮನೆಗೆ ಹೊರಟಾಗ ಮುಚ್ಚುವ ಆ ಜೊತೆಗಾರ್ತಿಗೆ ಎಲ್ಲರೂ ಇಟ್ಟ ಹೆಸರು ಅದು, ಅವಳಿಗೂ ಅದರ ಮೇಲೆ ಬೇಸರವಿರಲಿಲ್ಲ. ಡಾಕ್ಟರಮ್ಮ ಕಾಯುತ್ತ ದುಪ್ಪಟಿ ಮಡಿಸುವ ಮೇಜಿನ ಹತ್ತಿರ ನಿಂತರು. ಆಗಲೇ, ಅಲ್ಲಿ ಒಬ್ಬಳೇ ಮಡಿಸುತ್ತಿದ್ದ ಅವಳ ಬೆರಳುಗಳಿಗೆ ಜೋಮು ಏರಿತು. ಎಂದಿನಂತೆ ದುಪ್ಪಟಿಯ ತುದಿ ಬಿಟ್ಟು, ನೀರು ಕೊಡವುವ ಹಾಗೆ ಕೈಯನ್ನು ನಾಲ್ಕು ಸಲ ಝಾಡಿಸಿದಳು. ತಲೆಯೆತ್ತಿದರೆ ಡಾಕ್ಟರಮ್ಮನ ಕಣ್ಣು ಕೈಯ ಮೇಲೆಯೇ ಇತ್ತು. “ಇನ್ನೊಂದ್ಸಲ ಹಾಗೇ ಕೊಡವಿ,” ಅಂದರು. ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು. ಸೂಪರ್‌ವೈಸರ್ ನೋಡುತ್ತಿದ್ದ. ಏನೂ ಇಲ್ಲ ಮೇಡಂ, ಅಂದಳು. ಅಷ್ಟರಲ್ಲಿ ಕನ್ನಡಕ ಸಿಕ್ಕಿತು. ಅದನ್ನು ಏರಿಸಿಕೊಂಡು ಮತ್ತೊಮ್ಮೆ ಆ ಕೈಯನ್ನೇ ನೋಡಿ, ನಾಳೆ ಮಧ್ಯಾಹ್ನ ಮೇಲೆ ಬನ್ನಿ ಎಂದು ಹೇಳಿ ಅವರು ಹೊರಟುಹೋದರು. ಹೋದ ಮೇಲೆ ರೇಡಿಯೊ ಕೂಡ ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ ಅದರ ಬಡ್ಡಿ ಸೇರಿಸಿ ಮಾತಾಡಿದಳು.

ರೇಡಿಯೊಗೆ ಗೊತ್ತಿತ್ತು. ದುಪ್ಪಟಿ ಮಡಿಸುವುದು ಇಬ್ಬರ ಕೆಲಸ: ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು ಎಳೆಯಬೇಕು, ಜಗ್ಗಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ವರ್ಷಗಟ್ಟಲೆ ಮಾಡಿದ ಮೇಲೆ ಅದನ್ನು ಕಣ್ಣು ನೋಡುವುದಿಲ್ಲ, ಕೈಯೇ ನೋಡಿಕೊಳ್ಳುತ್ತದೆ. ಆ ಕೈಗೇ ಕಣ್ಣು ಹೋದ ಹಾಗಾಗಿತ್ತು. ಜಗ್ಗುವಾಗ ಮೂಲೆ ಅವಳ ಬೆರಳಿನಿಂದ ಕಳಚಿಕೊಂಡು ಹೋಗುತ್ತಿತ್ತು, ಹಿಡಿದಿದ್ದೇನೆ ಎಂದು ಅವಳು ಅಂದುಕೊಂಡಿರುವಾಗಲೇ. ಅವಳ ಅಟ್ಟಿಯಲ್ಲಿ ಸೊಟ್ಟ ಮಡಿಕೆಗಳು ಹೆಚ್ಚಿದವು. ಒಂದು ದಿನ ನೀರು ಕುಡಿದು ಬರುವಷ್ಟರಲ್ಲಿ ರೇಡಿಯೊ ಅವಳ ಅಟ್ಟಿಯನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದದ್ದು ಕಂಡಿತು. ನೋಡದವಳ ಹಾಗೆ ಅವಳು ಇನ್ನೊಂದು ಲೋಟ ನೀರು ಕುಡಿಯಲು ಹೋದಳು, ಬೇಡದ ನೀರು. ನೆಲದಂತಸ್ತಿನ ಸಿಬ್ಬಂದಿ ಡಾಕ್ಟರ ಹತ್ತಿರ ಎಷ್ಟು ಸಲ ಹೋದಳೋ. ಒಳ್ಳೆಯ ಮನುಷ್ಯ, ಎಂದೂ ಗದರಿದವರಲ್ಲ. ಹೇಗಿದ್ದೀರಿ ಎಂದು ಕೇಳುತ್ತಲೇ ಬರೆಯಲು ಶುರುಮಾಡುತ್ತಿದ್ದರು. ಕೈ ಜೋಮು ಹಿಡಿಯುತ್ತದೆ ಎಂದರೆ ವಯಸ್ಸಾಯಿತಲ್ಲ, ಮನೆಯಲ್ಲಿ ಕೆಲಸ ಜಾಸ್ತಿಯೇ, ನಿದ್ದೆ ಬರುತ್ತದೆಯೇ ಎಂದು ವಿಚಾರಿಸಿ, ನರಕ್ಕೆ ಶಕ್ತಿ ಬರುವ ಕೆಂಪು ಮಾತ್ರೆ ಕೊಡುತ್ತಿದ್ದರು. ಅವಳು ಮೇಜಿನ ಮೇಲೆ ಕೈ ಇಟ್ಟೇ ಕೂತಿರುತ್ತಿದ್ದಳು, ಅಂಗೈ ಮೇಲೆ ಮಾಡಿ. ಅದನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ. ಎದ್ದು ಬರುವಾಗ ಕೈಯನ್ನು ಮತ್ತೆ ಎತ್ತಿಕೊಳ್ಳುವುದೇ ಒಂದು ನಾಚಿಕೆಯಾಗುತ್ತಿತ್ತು, ತೋರಿಸಿದ ಸರಕನ್ನು ಯಾರೂ ಕೊಳ್ಳದೆ ವಾಪಸು ಕಟ್ಟಿಕೊಂಡಂತೆ. ಅಂಗಡಿಯಿಂದ ಒಂದು ಪಟ್ಟಿ ತಂದು ಮಣಿಕಟ್ಟಿಗೆ ಬಿಗಿದಳು, ಬಿಗಿದಷ್ಟೂ ಜೋಮು ಜಾಸ್ತಿಯಾಯಿತು. ಕೊನೆಗೆ ಇದು ತನ್ನದೇ ಸೋಮಾರಿತನ, ತನ್ನ ಮನಸ್ಸು ಕೆಲಸದಲ್ಲಿಲ್ಲ, ಅದಕ್ಕೇ ಕೈ ಕೊಡುತ್ತಿದೆ ಎಂದು ತನ್ನನ್ನೇ ಬೈದುಕೊಳ್ಳಲು ಕಲಿತಳು.

ಐದನೆಯ ಮಹಡಿಯ ಓಣಿಯಲ್ಲಿ ಬೆಂಚುಗಳಿದ್ದವು, ಬೆಂಚಿನ ತುಂಬ ಕೈಗಳಿದ್ದವು. ಅವಳಿಗೆ ಮೊದಲು ಮುಖಗಳು ಕಾಣಲೇ ಇಲ್ಲ. ಬ್ಯಾಂಡೇಜಿನ ಕೈ, ಕೋಲು ಕಟ್ಟಿದ ಬೆರಳು, ತೊಡೆಯ ಮೇಲೆ ನಿದ್ದೆಹೋದ ಹಾಗೆ ಮಲಗಿಸಿದ್ದ ಒಂದು ಕೈ. ಇಷ್ಟೊಂದು ಜನ ಬರೀ ಕೈಗೋಸ್ಕರ ಬರುತ್ತಾರೆಯೇ? ಕೈಗೆಂದೇ ಒಬ್ಬ ಡಾಕ್ಟರು ಇರುತ್ತಾರೆಯೇ? ಕಣ್ಣಿಗೆ ಇರುತ್ತಾರೆ, ಹಲ್ಲಿಗೆ ಇರುತ್ತಾರೆ, ಅದು ಗೊತ್ತಿತ್ತು. ತಲೆಯ ಮೇಲೆಯೇ, ಅದೇ ಕಟ್ಟಡದಲ್ಲಿ, ತಾನು ಮಡಿಸಿದ ದುಪ್ಪಟಿಗಳ ಮೇಲೆ ಇವರೆಲ್ಲ ಕೈ ಇಟ್ಟು ಕೂತಿದ್ದಿರಬೇಕು. ಎದುರಿನ ಬೆಂಚಿನಲ್ಲಿ ಒಬ್ಬಳು ಎದೆಗವುಚಿದ ಕೂಸಿಗೆ ಎಡಗೈಯಲ್ಲೇ ಟೋಪಿ ಸರಿಮಾಡುತ್ತಿದ್ದಳು. ಅದನ್ನು ಕಂಡು ಅವಳು ಮುಖ ತಿರುಗಿಸಿಕೊಂಡಳು. ಕೂಸುಗಳು ಕಂಡರೆ ಈಚೆಗೆ ಬೇರೆ ಕಡೆ ನೋಡುವುದೇ ರೂಢಿಯಾಗಿತ್ತು. ಅವಳು ಇರುವುದು ತಂಗಿಯ ಮನೆಯಲ್ಲಿ. ತಂಗಿ ತಡವಾಗಿ ಹೆತ್ತ ಮಗು, ಮನೆಯೆಲ್ಲ ಅದರದೇ ಆಗಿತ್ತು. ಒಂದು ದಿನ ತಂಗಿ ಸ್ನಾನಕ್ಕೆ ಹೋಗಿದ್ದಳು. ಅವಳು ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಏನನ್ನೋ ತೋರಿಸುತ್ತಿದ್ದಳು. ಕೈ ಬಿಟ್ಟಿತು. ಬಿಟ್ಟಿತು ಎಂದು ಕೂಡ ಗೊತ್ತಾಗಲಿಲ್ಲ. ಭಾರ ಕಡಿಮೆಯಾದಾಗ ಗೊತ್ತಾಯಿತು. ಪಕ್ಕದ ಮಂಚದ ಅಂಚಿಗೆ ಬಿದ್ದ ಮಗು ಅಲ್ಲಿಂದ ನೆಲಕ್ಕೆ ಜಾರುವ ಮುಂಚೆ ಮೊಣಕಾಲಿನಿಂದ ಅಡ್ಡಗಟ್ಟಿದಳು. ಏಟಾಗಲಿಲ್ಲ. ಮಗು ಅಳುವುದನ್ನೂ ಮರೆತು ಅವಳನ್ನೇ ನೋಡಿತು. ಆಮೇಲೆ ಅವಳು ಅದನ್ನು ಎತ್ತಿಕೊಳ್ಳಲೇ ಇಲ್ಲ. ಕೈ ಒದ್ದೆ, ಬಟ್ಟೆ ಕೊಳೆ, ತಲೆನೋವು, ಎಷ್ಟು ನೆಪ ಹುಡುಕಿದಳು. ಮೊದಮೊದಲು ತಂಗಿ ಮಗುವನ್ನು ಚಾಚುತ್ತಿದ್ದಳು. ಬರುಬರುತ್ತ ಚಾಚುವುದನ್ನು ಬಿಟ್ಟಳು. “ಬೇಡ ಬಿಡು, ದೊಡ್ಡಮ್ಮಂಗೆ ಸುಸ್ತಾಗಿದೆ,” ಎಂದು ಮಗುವಿಗೆ ಹೇಳುವಳು, ಅವಳಿಗೆ ಕೇಳಿಸುವ ಹಾಗೆ.

ಒಳಗೆ ಕರೆದಾಗ ಅವಳು ಬಾಗಿಲಲ್ಲೇ ನಿಂತು, ಕೈ ಸರಿಯಾಗಿಯೇ ಇದೆ ಎಂದು ಹೊಂದಿಸಿಕೊಂಡಿದ್ದ ಮಾತನ್ನು ಶುರುಮಾಡಿದಳು. ಡಾಕ್ಟರಮ್ಮ ಅದನ್ನು ಪೂರ್ತಿ ಕೇಳಿದರು. ಆಮೇಲೆ ಕೂರಲು ಹೇಳಿ, ಎರಡೂ ಕೈ ಚಾಚಿ ಅವಳ ಎರಡೂ ಕೈಗಳನ್ನು ತೆಗೆದುಕೊಂಡರು. ಹಿಡಿದುಕೊಂಡು ಸುಮ್ಮನೆ ಕೂತರು. ಬರೆಯಲಿಲ್ಲ, ಕೇಳಲಿಲ್ಲ. ತನ್ನ ಕೈಯನ್ನು ಹೀಗೆ ಯಾರಾದರೂ ಹಿಡಿದು ಎಷ್ಟು ಕಾಲವಾಯಿತೆಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ತಾಯಿ ಸಾಯುವ ಮುಂಚೆ ಒಮ್ಮೆ ಹಿಡಿದಿದ್ದಳು, ಅದು ಮಗಳ ಕೈ ಎಂದೇ ತಿಳಿಯದೆ. ಡಾಕ್ಟರಮ್ಮನ ಹೆಬ್ಬೆರಳು ಅವಳ ಹೆಬ್ಬೆರಳ ಬುಡದ ದಿಣ್ಣೆಯನ್ನು ಒತ್ತಿ ನೋಡಿತು, ಎಡಗೈಯಲ್ಲಿ ಒಮ್ಮೆ, ಬಲಗೈಯಲ್ಲಿ ಒಮ್ಮೆ. ನೋಡಿ, ಎಂದು ಎರಡು ಅಂಗೈಗಳನ್ನೂ ಕಿಟಕಿಯ ಬೆಳಕಿಗೆ ತಿರುಗಿಸಿದರು. ಎಡಗೈಯ ದಿಣ್ಣೆ ತುಂಬಿಕೊಂಡಿತ್ತು. ಬಲಗೈಯಲ್ಲಿ ಅದು ಇರಲಿಲ್ಲ. ಇರಬೇಕಾದ ಕಡೆ ಒಂದು ತಗ್ಗು, ತಗ್ಗಿನಲ್ಲಿ ನೆರಳು. ದಿನವೂ ನೋಡುವ ತನ್ನದೇ ಕೈಯಿಂದ ಇಷ್ಟು ಮಾಂಸ ಯಾವಾಗ ಎದ್ದುಹೋಯಿತು? ಪೆನ್ನಿನ ತುದಿಯಿಂದ ಮಣಿಕಟ್ಟಿನ ನಡುವೆ ಅವರು ಮೆಲ್ಲಗೆ ತಟ್ಟಿದರು. ಕಿಡಿಯೊಂದು ಹಾರಿ ನಡುಬೆರಳಿನ ತುದಿಗೆ ಓಡಿತು. ಅವಳು ಬೆಚ್ಚಿದ್ದನ್ನು ನೋಡಿ ಅವರು ತಲೆದೂಗಿದರು, ಅವಳು ಏನೋ ಸರಿಯುತ್ತರ ಕೊಟ್ಟಳೆಂಬಂತೆ. ಕೈಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಕೆಳಗೆ ಬಗ್ಗಿಸಿ ಹಿಡಿಯಲು ಹೇಳಿದರು. ಸ್ವಲ್ಪದರಲ್ಲೇ ಜೋಮು ಏರಿತು. ಕಿರುಬೆರಳಿಗೂ ಹಿಡಿಯುತ್ತದೆಯೇ ಎಂದು ಕೇಳಿದರು. ಅವಳು ಯೋಚಿಸಿದಳು. ಇಷ್ಟು ದಿನ ಕೈಯೇ ಹೋಯಿತು ಎಂದುಕೊಂಡಿದ್ದವಳಿಗೆ ಕಿರುಬೆರಳೊಂದು ಸುಮ್ಮನೆ ಚೆನ್ನಾಗಿಯೇ ಇದೆಯೆಂದು ಆಗ ಹೊಳೆಯಿತು. ಡಾಕ್ಟರಮ್ಮ ಅದರ ಪಕ್ಕದ ಬೆರಳನ್ನು ಹಿಡಿದು, ಉದ್ದಕ್ಕೂ ಪೆನ್ನಿನಿಂದ ಒಂದು ಗೆರೆ ಎಳೆದರು. “ಈ ಬೆರಳಲ್ಲಿ ಈ ಕಡೆ ಅರ್ಧ ಜೋಮು, ಆ ಕಡೆ ಅರ್ಧ ಇಲ್ಲ. ಹೌದಾ?” ಅವಳು ತನ್ನ ಎಡಗೈ ಬೆರಳಿಂದ ಗೆರೆಯ ಈಚೆ ಮುಟ್ಟಿದಳು, ಆಚೆ ಮುಟ್ಟಿದಳು. ಹೌದು. ತನಗೇ ತಿಳಿಯದ್ದು ಇವರಿಗೆ ಹೇಗೆ ತಿಳಿಯಿತು ಎಂದು ಮೈ ಜುಂ ಎಂದಿತು.

ಕೆಲಸ ಹೇಗೆ ಮಾಡುತ್ತೀರಿ, ಮಾಡಿ ತೋರಿಸಿ, ಎಂದು ಪರೀಕ್ಷೆಯ ಮಂಚದ ಮೇಲಿನ ದುಪ್ಪಟಿಯನ್ನು ತೆಗೆದುಕೊಟ್ಟರು. ಅವಳು ಮೂಲೆ ಚಿವುಟಿ ಹಿಡಿದು ಮಣಿಕಟ್ಟು ಬಗ್ಗಿಸಿ ಜಗ್ಗಿ ತೋರಿಸಿದಳು. ಇನ್ನೊಂದು ತುದಿಯನ್ನು ಡಾಕ್ಟರಮ್ಮನೇ ಹಿಡಿದುಕೊಂಡರು, ಹೀಗೆ ದಿನಕ್ಕೆ ಎಷ್ಟು ಎಂದು ಕೇಳಿದರು. ಎಣಿಸಿದವರು ಯಾರು, ಅಂದಳು. ಇಬ್ಬರೂ ನಕ್ಕರು. ಆ ನಗುವಿನಲ್ಲಿ ಅವಳ ಬಿಗಿ ಸಡಿಲಿತೇನೋ. ಮುಂದಿನ ಪ್ರಶ್ನೆಗೆ ಅವಳು ಸಿದ್ಧವಾಗಿರಲಿಲ್ಲ.

“ಕೈಯಿಂದ ಏನೇನು ಜಾರಿ ಬಿದ್ದಿದೆ, ಹೇಳಿ.”

ಲೋಟ, ಅಂದಳು. ಬೀಗದ ಕೈ. ಬಾಚಣಿಗೆ. ಕುದಿಯುವ ಪಾತ್ರೆಯ ಮುಚ್ಚಳ. ಅಂಗಿಯ ಗುಂಡಿ ಹಾಕಲು ಆಗದೆ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತದ್ದು. ಹೇಳುತ್ತ ಹೇಳುತ್ತ ನಿಲ್ಲಿಸಿದಳು. ಡಾಕ್ಟರಮ್ಮ ಅವಸರಿಸಲಿಲ್ಲ; ದುಪ್ಪಟಿಯನ್ನು ಪಕ್ಕಕ್ಕಿಟ್ಟು ಅವಳ ಕೈಯನ್ನು ಮತ್ತೆ ಹಿಡಿದುಕೊಂಡರು.

“ಮಗು,” ಅಂದಳು.

ಅವರು ಅಯ್ಯೋ ಎನ್ನಲಿಲ್ಲ. ಏಟಾಯಿತೇ ಎಂದು ಕೇಳಿದರು, ಇಲ್ಲ ಎಂದು ಕೇಳಿಕೊಂಡು, ಅವಳು ಕಣ್ಣೊರೆಸಿಕೊಳ್ಳುವವರೆಗೂ ಕಾದರು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮಣಿಕಟ್ಟಿನಲ್ಲಿ ಒಂದು ಸಣ್ಣ ಓಣಿ ಇರುತ್ತದೆ. ಕೆಳಗೆ ಎಲುಬಿನ ನೆಲ, ಮೇಲೆ ಗಟ್ಟಿ ಪಟ್ಟಿಯ ಚಾವಣಿ. ಬೆರಳುಗಳನ್ನು ಎಳೆಯುವ ಹುರಿಗಳೆಲ್ಲ ಅದರೊಳಗೇ ಹೋಗಬೇಕು, ಅವುಗಳ ಜೊತೆ ಒಂದು ನರ. ವರ್ಷಗಟ್ಟಲೆ ಎಳೆದೂ ಬಗ್ಗಿಸಿಯೂ ಹುರಿಗಳ ಹೊದಿಕೆ ಊದಿಕೊಂಡಿದೆ, ಓಣಿಯಲ್ಲಿ ಜಾಗವಿಲ್ಲ, ಎಲ್ಲರ ನಡುವೆ ಸಿಕ್ಕು ನಜ್ಜುತ್ತಿರುವುದು ನರ. ನೀವು ಅಂಗಡಿಯಿಂದ ತಂದ ಪಟ್ಟಿ ಬಿಗಿದದ್ದರಿಂದ ಇನ್ನಷ್ಟು ನಜ್ಜಿತು. ನರದಲ್ಲಿ ಕರೆಂಟು ಹರಿಸಿ ನೋಡುವ ಪರೀಕ್ಷೆಯೊಂದನ್ನು ಮಾಡಿಸಿ, ಆಮೇಲೆ ಆಪರೇಷನ್ ಮಾಡಿ ಚಾವಣಿಯನ್ನು ಬಿಡಿಸಬೇಕು. ಜೋಮು ಹೋಗುತ್ತದೆ, ಆದರೆ ಹೆಬ್ಬೆರಳ ಮಾಂಸ ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ, ತಡವಾಗಿದೆ ಎಂದರು. “ಇದು ಕೆಲಸದಿಂದ ಬಂದಿದ್ದು. ನಿಮ್ಮ ತಪ್ಪಲ್ಲ. ಇದೇ ಕಟ್ಟಡದಲ್ಲಿ ಇದ್ದು ನಾವು ನೋಡ್ಲಿಲ್ಲ, ಅದು ನಮ್ಮ ತಪ್ಪು.” ಡಾಕ್ಟರೊಬ್ಬರ ಬಾಯಲ್ಲಿ ತಪ್ಪು ಎಂಬ ಮಾತು ಕೇಳಿ ಅವಳಿಗೆ ಸಮಾಧಾನವಾಗಬೇಕಿತ್ತು, ಮೊದಲು ಬಂದದ್ದು ಸಿಟ್ಟು. ಇಷ್ಟು ಸುಲಭವಾಗಿ ತಿಳಿಯುವುದಾಗಿದ್ದರೆ, ಬರೀ ಕೈ ಹಿಡಿದು ನೋಡಿದರೆ ಸಾಕಾಗಿದ್ದರೆ, ಇಷ್ಟು ದಿನ ನಾನು ಯಾರನ್ನು ಬೈದೆ? ಮೆಟ್ಟಿಲಿಳಿಯುವಾಗ ಆ ಸಿಟ್ಟು ಮಹಡಿಗೊಂದಿಷ್ಟು ಕರಗುತ್ತ ಬಂತು, ಕೆಳಗೆ ತಲುಪುವಾಗ ಅವಳ ಕೈಯಲ್ಲಿ ಉಳಿದದ್ದು ಬೆರಳಿನ ಮೇಲಿನ ಶಾಯಿಯ ಗೆರೆ. ಅದನ್ನು ಅವಳು ತೊಳೆಯಲಿಲ್ಲ; ಮಾರನೆಯ ದಿನ ಒದ್ದೆ ದುಪ್ಪಟಿಗಳು ತಾವಾಗಿಯೇ ಅಳಿಸಿದವು.

ತಂಗಿಗೆ ಹೇಳಿದ್ದು ಅಡುಗೆಮನೆಯಲ್ಲಿ. ತಂಗಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು, ಅದೇ ಅನುಕೂಲವಾಯಿತು. ಆಪರೇಷನ್ ಎಂದು ಶುರುಮಾಡಿ, ನರ, ಓಣಿ ಎಂದೆಲ್ಲ ಸುತ್ತಿ, ಕೊನೆಗೆ ಕಿಟಕಿಯ ಹತ್ತಿರ ನಿಂತಿದ್ದ ಆ ದಿನಕ್ಕೆ ಬಂದಳು. ನೀರು ಬೀಳುವ ಸದ್ದು ನಿಂತಿತು. ತಂಗಿ ತಿರುಗಲಿಲ್ಲ.

“ಗೊತ್ತು ಅಕ್ಕ. ಧೊಪ್ ಅಂದಿದ್ದು ಬಚ್ಚಲಿಗೆ ಕೇಳಿಸ್ತು. ನೀನೇ ಹೇಳ್ತೀಯ ಅಂತ ಇಷ್ಟು ದಿನ ಕಾದೆ.”

ಹಾಗಾದರೆ ಮಗುವನ್ನು ಚಾಚುತ್ತಿದ್ದದ್ದು ಗೊತ್ತಿದ್ದೂ ಚಾಚುತ್ತಿದ್ದದ್ದು. ಅದನ್ನು ಅರಗಿಸಿಕೊಳ್ಳಲು ಅವಳಿಗೆ ಹೊತ್ತು ಬೇಕಾಯಿತು. ಬೀಳಿಸಿದ್ದಕ್ಕೆ ನೋವಾಗಲಿಲ್ಲ, ಮಗುವನ್ನು ನೋಡಿ ನೀನು ಮುಖ ತಿರುಗಿಸಿದೆಯಲ್ಲ, ಅದಕ್ಕೆ ಒಬ್ಬಳೇ ಅತ್ತಿದ್ದೇನೆ, ಎಂದು ತಂಗಿ ಪಾತ್ರೆಗಳಿಗೆ ಹೇಳಿದಳು. ಆಮೇಲೆ ಕೈ ಒರೆಸಿಕೊಂಡು ಹೋಗಿ ಮಲಗಿದ್ದ ಮಗುವನ್ನು ಎತ್ತಿ ತಂದಳು. ಅಕ್ಕನನ್ನು ನೆಲದ ಮೇಲೆ ಗೋಡೆಗೊರಗಿ ಕೂರಿಸಿ, ಮಡಿಲಲ್ಲಿ ಮಗುವನ್ನಿಟ್ಟು, ಅದರ ಕೆಳಗೆ ತನ್ನ ಕೈಗಳನ್ನೂ ಇಟ್ಟು ಕೂತಳು. ನೆಲದಿಂದ ಕೆಳಗೆ ಎಲ್ಲಿ ಬೀಳುತ್ತದೆ, ಬೀಳಲಿ ನೋಡೋಣ, ಅಂದಳು. ತಂಗಿಯ ಗಂಡ ಬಾಗಿಲಿಗೆ ಬಂದವನು ಮೂವರನ್ನೂ ನೋಡಿ, ಇವತ್ತು ಊಟ ನೆಲದಲ್ಲೇನೋ ಎಂದು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತುಕೊಂಡ.

ಆಪರೇಷನ್ನಿನ ದಿನ ಎಚ್ಚರ ತಪ್ಪಿಸುತ್ತಾರೆ ಎಂದುಕೊಂಡಿದ್ದಳು. ತಪ್ಪಿಸಲಿಲ್ಲ. ಅಂಗೈಯ ಬುಡಕ್ಕೆ ಸೂಜಿ ಚುಚ್ಚಿ, ಮೊದಲ ಚುರುಕು ಹೋದ ಮೇಲೆ ಏನೂ ತಿಳಿಯುವುದಿಲ್ಲ, ಆದರೆ ನೀವು ನಮ್ಮ ಜೊತೆ ಮಾತಾಡಿಕೊಂಡೇ ಇರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಕೈ ಪಕ್ಕದ ಹಲಗೆಯ ಮೇಲೆ ಚಾಚಿಕೊಂಡು ಬಿದ್ದಿತ್ತು. ಅದರ ಸುತ್ತ ಹಸಿರು ಬಟ್ಟೆ ಹೊದಿಸಿದರು. ಆ ಬಟ್ಟೆಯ ಮಡಿಕೆ ಬಿಚ್ಚುವುದನ್ನು ಅವಳು ನೋಡಿದಳು: ಒಳಕ್ಕೆ ಮೂರು, ಮೇಲಿನ ಮೂಲೆ ಕಿವಿಯ ಹಾಗೆ ಹೊರಕ್ಕೆ, ಆ ಕಿವಿಯನ್ನೇ ಹಿಡಿದು ನರ್ಸು ಒಂದೇ ಸಲಕ್ಕೆ ಬಿಡಿಸಿದಳು. ಕಿವಿ ಯಾಕೆ ಹೊರಗಿಡಬೇಕೆಂದು ಲಾಂಡ್ರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ಮಡಿಸಬೇಕು ಎಂದಷ್ಟೇ ಹೇಳಿದ್ದರು. ಉಳಿದದ್ದನ್ನು ಮುಟ್ಟದೆ ಬಿಡಿಸುವುದಕ್ಕೆ ಎಂದು ಈಗ ಕಂಡಿತು. ಇಷ್ಟು ವರ್ಷ ಕಾಣದ ಒಂದು ಕೈಗೆ ತಾನು ಕಿವಿ ಚಾಚುತ್ತಲೇ ಬಂದಿದ್ದೇನೆ, ಇಲ್ಲಿ ಒಬ್ಬರು ಅದನ್ನು ಹಿಡಿಯುತ್ತಲೇ ಬಂದಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಇವತ್ತಿನದು ರೇಡಿಯೊ ಮಡಿಸಿದ್ದು, ಅಂದಳು. ಹೇಗೆ ಗೊತ್ತು ಎಂದು ನರ್ಸು ಕೇಳಿದಳು. ಮಡಿಕೆ ಇಷ್ಟು ಬಿಗಿ ಅವಳದೇ, ಅವಳ ಬಾಯಿ ಮಾತ್ರ ಇಷ್ಟು ಬಿಗಿಯಾಗಿ ಮುಚ್ಚುವುದಿಲ್ಲ, ಅಂದಳು. ಮುಖವಾಡಗಳ ಒಳಗೆ ಎಲ್ಲರೂ ನಕ್ಕದ್ದು ಕಣ್ಣುಗಳಲ್ಲಿ ಕಂಡಿತು.

ಏನೋ ಎಳೆದ ಹಾಗೆ, ಒತ್ತಿದ ಹಾಗೆ ಆಯಿತು, ನೋವಿರಲಿಲ್ಲ. ಚಾವಣಿ ಬಿಡಿಸಿದ್ದೇವೆ, ನೋಡುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ಬೇಡವೆನ್ನಲು ಬಾಯಿ ತೆರೆದು ಅವಳು ಹೂಂ ಅಂದುಬಿಟ್ಟಳು. ನರ್ಸು ತಲೆದಿಂಬು ಎತ್ತರಿಸಿ, ಅಡ್ಡವಿದ್ದ ಬಟ್ಟೆಯನ್ನು ತಗ್ಗಿಸಿದಳು. ರಕ್ತ ಹರಿಯುತ್ತಿರುತ್ತದೆ, ಮಾಂಸದ ಅಂಗಡಿಯ ಹಾಗಿರುತ್ತದೆ ಎಂದು ಹೆದರಿದ್ದವಳಿಗೆ ಕಂಡದ್ದು ಬೇರೆ. ಅಂಗೈಯ ಬುಡದಲ್ಲಿ ಒಂದು ಸಣ್ಣ ಕಿಟಕಿ ತೆರೆದಿತ್ತು. ಅದರೊಳಗೆ ದೀಪದ ಬೆಳಕು ಬಿದ್ದಿತ್ತು. ಹೊಳೆಯುವ ಬಿಳಿಯ ಹುರಿಗಳು ಒದ್ದೆಯಾಗಿ, ನಯವಾಗಿ, ಒಂದರ ಪಕ್ಕ ಒಂದು ಮಲಗಿದ್ದವು. ಅವುಗಳ ಮೇಲೆ ನಸುಹಳದಿಯ ಒಂದು ಎಳೆ. ಇದೇ ನಿಮ್ಮ ನರ, ಎಂದು ಸಣ್ಣ ಸಲಾಕಿಯಿಂದ ಮುಟ್ಟದೆ ತೋರಿಸಿದರು. ನಡುವೆ ಒಂದು ಕಡೆ ಅದು ಸೊಂಟ ಬಿಗಿದ ಹಾಗೆ ಸಣ್ಣಗಾಗಿ ಚಪ್ಪಟೆಯಾಗಿತ್ತು, ಬಣ್ಣ ಮಾಸಿತ್ತು. ನೋಡುತ್ತಿದ್ದ ಹಾಗೆಯೇ ಆ ಮಾಸಲಿನ ಮೇಲೆ ಕೂದಲಿಗಿಂತ ತೆಳುವಾದ ಕೆಂಪು ಗೆರೆಯೊಂದು ಮೂಡಿತು, ಇನ್ನೊಂದು ಮೂಡಿತು, ಬೆಳಗಾಗುವ ಹಾಗೆ ಅಲ್ಲೆಲ್ಲ ತೆಳು ಗುಲಾಬಿ ಹರಡಿತು. ನರಕ್ಕೆ ರಕ್ತ ಮತ್ತೆ ಹರೀತಿದೆ, ಎಂದು ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಹೇಳಿದರು. ದಿನವೂ ನೋಡುವವರ ದನಿಯೇ ಹೀಗೆ ತಗ್ಗುವುದಾದರೆ! “ಈಗ ಬೆರಳು ಮಡಿಸಿ,” ಅಂದರು.

ಅವಳು ಮಡಿಸಿದಳು. ಕಿಟಕಿಯೊಳಗೆ ಹುರಿಗಳು ಜಾರಿದವು. ಒಂದು ಹಿಂದಕ್ಕೆ, ಒಂದು ಮುಂದಕ್ಕೆ, ಸದ್ದಿಲ್ಲದೆ, ಒಂದನ್ನೊಂದು ತಡೆಯದೆ. ಬಿಡಿಸಿದಳು, ಮರಳಿ ಬಂದವು. ನಡುಬೆರಳು ಮಾತ್ರ ಎಂದುಕೊಂಡಳು. ಒಂದೇ ಒಂದು ಹುರಿ ಹೊರಟಿತು. ಎಂದುಕೊಂಡದ್ದೂ ಅದು ಹೊರಟದ್ದೂ ಬೇರೆಬೇರೆಯಾಗಿರಲಿಲ್ಲ. ಒಂದು ದುಪ್ಪಟಿಯ ಮೂಲೆ ಹಿಡಿಯುವಾಗ, ತಾಯಿಯ ತಲೆ ಬಾಚುವಾಗ, ಕದ ತಟ್ಟುವಾಗ, ಸಿಟ್ಟಿನಲ್ಲಿ ಮುಷ್ಟಿ ಬಿಗಿಯುವಾಗ, ತಾನು ಇದನ್ನು ನೆನೆಯದೆ ಕೈಯನ್ನು ಬೈಯುತ್ತಿದ್ದಾಗಲೂ, ಈ ಸಣ್ಣ ಓಣಿಯಲ್ಲಿ ಇವು ಹೀಗೆಯೇ ಬೆಳ್ಳಗೆ ಹೊಳೆಯುತ್ತ ಹೋಗಿಬರುತ್ತಿದ್ದವೇ? ಬೆಳಕೇ ಇಲ್ಲದ ಕಡೆ ಯಾರಿಗಾಗಿ ಇಷ್ಟು ಹೊಳಪು? ಅವಳ ಕಣ್ಣಿನಿಂದ ನೀರಿಳಿದು ಕಿವಿಗೆ ಹೋಯಿತು. ನೋವಾಗುತ್ತಿದೆಯೇ ಎಂದು ನರ್ಸು ಬಗ್ಗಿ ಕೇಳಿದಳು. ಇಲ್ಲ, ಇನ್ನೊಂದು ಸಲ ಮಡಿಸಲಾ ಎಂದು ಅವಳು ಕೇಳಿದಳು. ಡಾಕ್ಟರಮ್ಮ ಕೈಯಲ್ಲಿದ್ದ ದಾರವನ್ನು ಪಕ್ಕಕ್ಕಿಟ್ಟು, ಎಷ್ಟು ಸಲ ಬೇಕಾದರೂ, ಅಂದರು. ಅವಳು ಮಡಿಸುತ್ತ ಬಿಡಿಸುತ್ತ ಇದ್ದಳು. ತನ್ನ ಕೈಯ ಮೇಲೆ ಬಗ್ಗಿದ್ದ ಆ ಎರಡು ಕೈಗಳ ಒಳಗೂ ಇದೇ ನಡೆಯುತ್ತಿದೆಯೆಂದು ಹೊಳೆದು, ಕೈಯೊಂದು ಕೈಯನ್ನು ಬಿಡಿಸುತ್ತಿರುವುದನ್ನು ಉಸಿರು ಹಿಡಿದು ನೋಡಿದಳು.

ಆ ರಾತ್ರಿ ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದವಳಿಗೆ, ದಿನವೂ ನಡುರಾತ್ರಿ ಎದ್ದು ಕೂತು ಕೊಡವುತ್ತಿದ್ದ ಜೋಮಿಲ್ಲದೆ ಬೆಳಗಾಯಿತು. ಎಚ್ಚರವಾದಾಗ ಏನೋ ಕಳೆದುಹೋಗಿದೆ ಎನ್ನಿಸಿ ಹುಡುಕಿ, ಕಳೆದದ್ದು ಅದೇ ಎಂದು ತಿಳಿದು ಒಬ್ಬಳೇ ನಕ್ಕಳು.

ಹೊಲಿಗೆ ಬಿಚ್ಚಿದ ಮೇಲೆ ಅವಳನ್ನು ಲಾಂಡ್ರಿಯಲ್ಲೇ ಬಟ್ಟೆ ಬೇರ್ಪಡಿಸುವ ಕಡೆಗೆ ಹಾಕಿದರು; ಜಗ್ಗುವ ಕೆಲಸ ಇನ್ನು ಬೇಡವೆಂದು ಡಾಕ್ಟರಮ್ಮನೇ ಹೇಳಿಸಿದ್ದರು. ಸೂಪರ್‌ವೈಸರ್ ಒಪ್ಪಿದ, ಒಪ್ಪುತ್ತ, ಇನ್ನು ಎಲ್ಲರಿಗೂ ಕೈನೋವು ಶುರುವಾಗುತ್ತೆ ನೋಡಿ ಎಂದು ಗೊಣಗಿದ. ಅವನ ಮಾತು ಬೇರೆ ರೀತಿಯಲ್ಲಿ ನಿಜವಾಯಿತು. ಒಂದು ಮಧ್ಯಾಹ್ನ ಡಾಕ್ಟರಮ್ಮ ಮತ್ತೆ ಇಳಿದು ಬಂದರು, ಜೊತೆಗೆ ನೆಲದಂತಸ್ತಿನ ಸಿಬ್ಬಂದಿ ಡಾಕ್ಟರನ್ನೂ ಕರೆತಂದಿದ್ದರು. ಇಸ್ತ್ರಿಯ ಬಿಸಿಯಲ್ಲಿ ನಿಂತು ಮೇಜಿನ ಎತ್ತರ ನೋಡಿದರು, ಗಾಡಿಯ ತಳದಿಂದ ಒದ್ದೆ ಬಟ್ಟೆ ಎಳೆಯುವುದನ್ನು ನೋಡಿದರು, ತಾವೇ ರೇಡಿಯೊಳ ಎದುರು ನಿಂತು ಒಂದಷ್ಟು ಮಡಿಸಿದರು. ಆಮೇಲೆ ನಿಮ್ಮ ಕೈ ತೋರಿಸಿ ಎಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಕೈಗಳೆಲ್ಲ ಏಪ್ರನ್ನಿನೊಳಗೆ ಸೇರಿಕೊಂಡವು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ಹೋಗಿ ರೇಡಿಯೊಳ ಮಣಿಕಟ್ಟು ಹಿಡಿದು ಹೊರಗೆಳೆದಳು. ನೋವಾಗಲ್ಲ, ಸುಮ್ನೆ ಹಿಡ್ಕೋತಾರೆ ಅಷ್ಟೆ, ಅಂದಳು. ಒಬ್ಬೊಬ್ಬರಾಗಿ ಬಂದರು. ಬೆಂದು ಕೆಂಪಾದವು, ಸೋಪಿಗೆ ಒಡೆದವು, ಸೆಟೆದ ಬೆರಳಿನವು, ಹೆಬ್ಬೆರಳ ಬುಡ ತಗ್ಗಾದವು ಇನ್ನೂ ಎರಡು ಜೊತೆ. ಡಾಕ್ಟರಮ್ಮ ಪ್ರತಿಯೊಂದು ಜೊತೆಯನ್ನೂ ಅದೇ ಥರ ತೆಗೆದುಕೊಂಡು, ಅಷ್ಟೇ ಹೊತ್ತು ಸುಮ್ಮನಿದ್ದರು. ಯಂತ್ರಗಳ ಗದ್ದಲದ ನಡುವೆ ಆ ಮೌನಕ್ಕೊಂದು ಜಾಗವಾಯಿತು. ಸಿಬ್ಬಂದಿ ಡಾಕ್ಟರು ಪಕ್ಕದಲ್ಲಿ ನಿಂತು ಹೇಗೆ ತಟ್ಟಬೇಕು, ಎಲ್ಲಿ ಒತ್ತಬೇಕು ಎಂದು ಮೆಲ್ಲಗೆ ಕೇಳುತ್ತಿದ್ದರು. ಹೊರಡುವ ಮುಂಚೆ ಅವಳ ಹತ್ತಿರ ಬಂದು, ಗಾಯದ ಗೆರೆ ನೋಡಬಹುದೇ ಅಂದರು. ಅವಳು ಅಂಗೈ ಮೇಲೆ ಮಾಡಿ ಕೊಟ್ಟಳು. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗೆರೆಯ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿದರು. ಅವಳಿಗೆ ಮೆಟ್ಟಿಲಲ್ಲಿ ಕರಗಿದರೂ ಅವರಿಗೆಂದು ಒಂದಿಷ್ಟು ಉಳಿಸಿಕೊಂಡಿದ್ದ ಸಿಟ್ಟನ್ನು ಎಲ್ಲಿಟ್ಟೆನೆಂದು ಆ ಹೊತ್ತಿಗೆ ನೆನಪಾಗಲಿಲ್ಲ.

ಐದನೆಯ ಮಹಡಿಯ ಕೊನೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಕೋಣೆಯಿತ್ತು. ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದಳು. ಉದ್ದ ಮೇಜಿನ ಸುತ್ತ ಬಸ್ಸಿನ ಡ್ರೈವರು, ಕ್ಷೌರದವನು, ಟೈಪು ಮಾಡುವ ಹುಡುಗಿ, ಮೀನು ಕತ್ತರಿಸುವ ಹೆಂಗಸು ಕೂತು ಬಣ್ಣದ ಮೇಣವನ್ನು ಹಿಸುಕುತ್ತ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಇರುತ್ತಿದ್ದರು. ಅವಳ ಹೆಬ್ಬೆರಳು ಇನ್ನೂ ಸೋಲುತ್ತಿತ್ತು. ಅಂಗಿಯ ಗುಂಡಿಗಳಲ್ಲಿ ಮೇಲಿನದೊಂದು ಮಾತ್ರ ಹಟ ಮಾಡುತ್ತಿತ್ತು. ವ್ಯಾಯಾಮದವಳು ಅವಳಿಗೆ ಕಣ್ಣು ಮುಚ್ಚಲು ಹೇಳಿ, ಕವೆಗೋಲಿನಂಥ ಸಣ್ಣ ಸಲಕರಣೆಯನ್ನು ಬೆರಳ ತುದಿಗೆ ತಾಗಿಸಿ, ಒಂದು ಮೊನೆಯೋ ಎರಡೋ ಎಂದು ಕೇಳುವಳು. ಎರಡು ತಾಗಿಸಿದರೂ ಒಂದು, ಒಂದು, ಎಂದೇ ಅವಳು ಹೇಳಿಕೊಂಡು ಬಂದಿದ್ದಳು. ಒಂದು ಬೆಳಿಗ್ಗೆ ಮೊನೆ ತಾಗಿದಾಗ ಅವಳು ತಡೆದಳು. ಕಣ್ಣಿನ ಕತ್ತಲೆಯಲ್ಲಿ ಎರಡು ಚುಕ್ಕೆಗಳು, ನಡುವೆ ಒಂದಿಷ್ಟು ಬಯಲು. ಎರಡು, ಅಂದಳು. ವ್ಯಾಯಾಮದವಳು ಮತ್ತೆ ತಾಗಿಸಿದಳು. ಎರಡು. ಮತ್ತೆ. ಒಂದು, ಈಗ ಒಂದು ಮಾಡಿದಿರಿ, ಅಂದಳು. ಬಸ್ಸಿನ ಡ್ರೈವರು, ಇನ್ನು ಇವರಿಗೆ ಮೋ‌ಸ ಮಾಡೋ ಹಾಗಿಲ್ಲ, ಅಂದ.

ಹೊರಗೆ ಬಂದಾಗ ಕೆಲಸದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಆಸ್ಪತ್ರೆಯ ಗೋಡೆಯ ಉದ್ದಕ್ಕೂ ಬೇಲಿಗಿಡಗಳನ್ನು ಬೆಳೆಸಿದ್ದರು. ಧೂಳು ಹಿಡಿದ, ಹೆಸರಿಲ್ಲದ, ಯಾರೂ ನೋಡದ ಗಿಡಗಳು. ಅವಳು ನಡೆಯುತ್ತ ಸುಮ್ಮನೆ ಬಲಗೈ ಚಾಚಿ ಒಂದು ಎಲೆಯನ್ನು ಬೆರಳುಗಳ ನಡುವೆ ಹಿಡಿದಳು. ಮೇಲೆ ನುಣುಪು, ತಂಪು. ಕೆಳಗೆ, ನಡುಬೆರಳು ತಾಗಿದ ಕಡೆ, ಸಣ್ಣ ಸಣ್ಣ ರೋಮ, ಬೆಕ್ಕಿನ ನಾಲಿಗೆಯಷ್ಟು ಒರಟು, ಒಂದೇ ದಿಕ್ಕಿಗೆ ಒರಗಿದವು. ಅವಳು ನಿಂತುಬಿಟ್ಟಳು. ಇದು ಜೋಮು ಹಿಡಿಯುವ ಮೊದಲೂ ಅವಳಿಗೆ ಗೊತ್ತಿರಲಿಲ್ಲ. ಜನ ಪಕ್ಕದಲ್ಲಿ ಹಾದುಹೋಗುತ್ತಿದ್ದರು, ಏನೋ ಕಳಕೊಂಡು ಹುಡುಕುತ್ತಿದ್ದಾಳೆಂದು ಒಬ್ಬರು ನಿಂತು ನೋಡಿಯೂ ಹೋದರು. ಅವಳು ಆ ಎಲೆಯನ್ನು ಬಿಟ್ಟು, ಪಕ್ಕದ್ದು ಹೇಗಿದೆಯೋ ಎಂದು ಅದನ್ನು ಹಿಡಿದಳು.